ಕೊನೇ ಸ್ಟಾಪಿನವರ ಪಾಲು

ಹತ್ತು ಸಾವಿರ ಜನರಿಗೆ ತಲಾ ಹತ್ತು ನಿಮಿಷ ಉಳಿಯುವುದಾದರೆ ಒಬ್ಬ ಮುದುಕಿ ದಿನಾ ಹತ್ತುವ ಬಸ್ಸನ್ನು ತೆಗೆದುಹಾಕಬಹುದೇ? ಮಠಗಳಲ್ಲಿ, ಪ್ರವಚನಗಳಲ್ಲಿ ಧರ್ಮಾಧರ್ಮದ ಮಾತು ಬಹಳ ಕೇಳಿದ್ದೇನೆ. ಈ ಪ್ರಶ್ನೆ ಮಾತ್ರ ನನಗೆ ಎದುರಾದದ್ದು ಬಸ್ಸಿನ ಫುಟ್‌ಬೋರ್ಡಿನ ಮೇಲೆ. ಚಂದಕವಾಡಿಯವನಾದ ನಾನು ಬೆಂಗಳೂರಿನ ಬಸ್ ಸಂಸ್ಥೆಯನ್ನು ಬಿ.ಟಿ.ಎಸ್. ಎನ್ನುತ್ತಿದ್ದ ಕಾಲದಲ್ಲಿ ಅಲ್ಲಿಗೆ ಹೋಗಿ ಕಂಡಕ್ಟರ್ ಆದೆ. 1997ರಲ್ಲಿ ಅದು ಕೆ.ಎಸ್.ಆರ್.ಟಿ.ಸಿ.ಯಿಂದ ಬೇರೆಯಾಗಿ ಬಿ.ಎಂ.ಟಿ.ಸಿ. ಆಯಿತು. ಅದೇ ವರ್ಷ ನಮ್ಮೂರು ಮೈಸೂರು ಜಿಲ್ಲೆಯಿಂದ ಕಳಚಿಕೊಂಡು ಚಾಮರಾಜನಗರ ಜಿಲ್ಲೆಗೆ ಸೇರಿತು. ನಿವೃತ್ತನಾಗಿ ಊರಿಗೆ ಮರಳಿದ ಮೇಲೂ ಆ ಪ್ರಶ್ನೆ ಬಿಟ್ಟಿಲ್ಲ. ಡ್ಯೂಟಿಯ ಗಡಿಬಿಡಿಯಲ್ಲಿ ಅದನ್ನು ನೆಟ್ಟಗೆ ಯೋಚಿಸಲು ಆಗಿರಲಿಲ್ಲ, ಈಗ ಪುರುಸೊತ್ತಿದೆ.

ಬೆಂಗಳೂರಿನ ಬಸ್ಸುಗಳ ಹಳೆಯ ಜಾಡು ಸರಳವಾಗಿತ್ತು. ಧರ್ಮಾಂಬುಧಿ ಕೆರೆ ಬತ್ತಿದ ಜಾಗದಲ್ಲಿ ಎದ್ದ ಮೆಜೆಸ್ಟಿಕ್ ನಿಲ್ದಾಣ, ಕೆ.ಆರ್. ಮಾರ್ಕೆಟ್, ಶಿವಾಜಿನಗರ: ಎಲ್ಲಿಂದ ಹೊರಟ ಬಸ್ಸಾದರೂ ಹೆಚ್ಚಾಗಿ ಈ ಮೂರರಲ್ಲಿ ಒಂದನ್ನು ಮುಟ್ಟುತ್ತಿತ್ತು. ಊರು ಬೆಳೆಯಿತು. ಮಾರತ್ತಹಳ್ಳಿಯಿಂದ ಹೆಬ್ಬಾಳಕ್ಕೆ ಹೋಗುವವನನ್ನು ಮೆಜೆಸ್ಟಿಕ್ಕಿಗೆ ಎಳೆದು ತರುವುದು ಅವನಿಗೂ ಹಿಂಸೆ, ಬಸ್ಸಿಗೂ ಹಿಂಸೆ. ಹೊರ ವರ್ತುಲ ರಸ್ತೆಯ ಮೇಲೆ 500ರ ಸರಣಿಯ ಬಸ್ಸುಗಳು ಓಡಿದಾಗ ನಗರದ ನಡುವನ್ನು ಮುಟ್ಟದೆಯೂ ಊರು ಸುತ್ತಬಹುದು ಎಂದು ಜನಕ್ಕೆ ಗೊತ್ತಾಯಿತು. ಆಮೇಲೆ ದೊಡ್ಡ ರಸ್ತೆಗಳಲ್ಲಿ ನೇರ ಓಡುವ ಬಿಗ್-10 ಬಂತು, ಒಳಗೆ ಸುತ್ತುವ ಬಿಗ್ ಸರ್ಕಲ್ ಬಂತು, 2011ರ ಅಕ್ಟೋಬರಿನಲ್ಲಿ ಮೆಟ್ರೊ ಶುರುವಾದ ಮೇಲೆ ಫೀಡರ್ ಬಸ್ಸುಗಳೂ ಬಂದವು. ಒಂದೊಂದು ಸಲ ಜಾಡು ಬದಲಾದಾಗಲೂ ಅದನ್ನು ಜನಕ್ಕೆ ವಿವರಿಸುವ ಕೆಲಸ ಕೊನೆಗೆ ಕಂಡಕ್ಟರನ ಬಾಯಿಗೇ ಬರುತ್ತದೆ.

ಜಾಡು ಬದಲಿಸುವವರ ಲೆಕ್ಕ ಪೊಳ್ಳಲ್ಲ. ಅದನ್ನು ಅರ್ಥ ಮಾಡಿಕೊಳ್ಳದೆ ಬೈಯುವುದು ಅನ್ಯಾಯ. ಪಶ್ಚಿಮದಲ್ಲಿ ಕೆಂಗೇರಿ, ವಿಜಯನಗರ, ಯಶವಂತಪುರ, ಪೀಣ್ಯ ಎಂಬ ನಾಲ್ಕು ಜಾಗ, ಪೂರ್ವದಲ್ಲಿ ಇಂದಿರಾನಗರ, ಮಾರತ್ತಹಳ್ಳಿ, ಕೆ.ಆರ್. ಪುರ, ಸರ್ಜಾಪುರ ಎಂಬ ನಾಲ್ಕು ಜಾಗ ಎಂದಿಟ್ಟುಕೊಳ್ಳಿ. ಎಲ್ಲ ಕಡೆಯಿಂದ ಎಲ್ಲ ಕಡೆಗೂ ನೇರ ಬಸ್ಸು ಬೇಕೆಂದರೆ ಹದಿನಾರು ಮಾರ್ಗಗಳಾಗುತ್ತವೆ. ನಮ್ಮ ಹತ್ತಿರ 48 ಬಸ್ಸುಗಳಿವೆ, ಹೋಗಿಬರಲು ಎರಡು ಗಂಟೆ ಬೇಕು ಎನ್ನೋಣ. ಒಂದೊಂದು ಮಾರ್ಗಕ್ಕೆ ಮೂರೇ ಬಸ್ಸು ಸಿಗುತ್ತದೆ, ನಲವತ್ತು ನಿಮಿಷಕ್ಕೊಂದು. ಅದರ ಬದಲು ನಾಲ್ಕೇ ಮಾರ್ಗ ಮಾಡಿ, ನಾಲ್ಕನ್ನೂ ನಗರದ ನಡುವೆ ಒಂದೇ ಕಡೆ ಸಂಧಿಸುವಂತೆ ಬಿಟ್ಟರೆ ಮಾರ್ಗಕ್ಕೆ ಹನ್ನೆರಡು ಬಸ್ಸು ಸಿಗುತ್ತದೆ, ಹತ್ತು ನಿಮಿಷಕ್ಕೊಂದು. ನೇರ ಬಸ್ಸಿಗೆ ಸರಾಸರಿ ಇಪ್ಪತ್ತು ನಿಮಿಷ ಕಾಯುತ್ತಿದ್ದವನು ಈಗ ಇಲ್ಲಿ ಐದು, ಅಲ್ಲಿ ಐದು ನಿಮಿಷ ಕಾಯುತ್ತಾನೆ. ಒಂದು ಬಸ್ಸನ್ನೂ ಹೊಸದಾಗಿ ಕೊಳ್ಳದೆ, ಒಬ್ಬ ಡ್ರೈವರನನ್ನೂ ಹೆಚ್ಚಿಗೆ ತೆಗೆದುಕೊಳ್ಳದೆ ಕಾಯುವ ಹೊತ್ತು ಅರ್ಧವಾಯಿತು. ಪೀಣ್ಯದ ಗಾರ್ಮೆಂಟ್ಸಿನಲ್ಲಿ ದುಡಿದು ಸಂಜೆ ಮನೆಗೆ ಓಡುವ ಹೆಣ್ಣುಮಗಳ ಮಟ್ಟಿಗೆ ಆ ಹತ್ತು ನಿಮಿಷ ಸಣ್ಣದಲ್ಲ. ಬಾರ್ಸಿಲೋನಾ ನಗರದವರು 2012ರಿಂದ 2018ರವರೆಗೆ ಹಂತಹಂತವಾಗಿ ಹೀಗೆಯೇ ಅಡ್ಡ, ಉದ್ದ, ಓರೆ ಎಂದು 28 ಸಾಲುಗಳನ್ನು ಹಾಕಿಕೊಂಡರು.

ಆದರೆ ಆ ಲೆಕ್ಕ ಮಾಡಿದವನು ಬರಿಗೈಯಲ್ಲಿ ನಡೆಯುವ, ಕಾಲು ಗಟ್ಟಿ ಇರುವ ಮನುಷ್ಯನನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾನೆ. ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಮಾರ್ಕೆಟ್ಟಿನಿಂದ ಹೂವಿನ ಕುಕ್ಕೆ ತರುವ ಹೆಂಗಸರನ್ನು ನಾನು ಬಲ್ಲೆ. ಆ ಕುಕ್ಕೆಯನ್ನು ಅವರು ಒಬ್ಬರೇ ತಲೆಗೆ ಎತ್ತಿಕೊಳ್ಳಲಾರರು. ಹತ್ತಿಸಲು ಒಬ್ಬರು, ಇಳಿಸಲು ಒಬ್ಬರು ಬೇಕು. ಬಸ್ಸು ಒಮ್ಮೆ ಬದಲಾಯಿಸು ಎಂದರೆ ಎತ್ತಿಕೊಡುವ ಕೈಯನ್ನು ಇನ್ನೊಂದು ಸಲ ಹುಡುಕು ಎಂದರ್ಥ. ಕಣ್ಣು ಮಬ್ಬಾಗಿ ಬೋರ್ಡು ಓದಲಾಗದವರು, ಡಯಾಲಿಸಿಸ್ ಮುಗಿಸಿ ಸೋತು ಬರುವವರು, ಎರಡು ಮಕ್ಕಳನ್ನು ಕಟ್ಟಿಕೊಂಡು ಹೊರಟ ತಾಯಿ, ಇವರಿಗೆಲ್ಲ ನೇರ ಬಸ್ಸೆಂದರೆ ಊರುಗೋಲು. ಅವರ ಬಸ್ಸನ್ನು ತೆಗೆದರೆ ಹತ್ತು ಸಾವಿರ ಜನಕ್ಕೆ ಸಿಕ್ಕ ಹತ್ತು ನಿಮಿಷದ ಬೆಲೆಯನ್ನು ಇವರು ತೆರುತ್ತಾರೆ. ಕೊಡಿ ಎಂದು ಇವರನ್ನು ಯಾರೂ ಕೇಳಿರುವುದಿಲ್ಲ.

ಬಹುಜನರ ಹಿತಕ್ಕೆ ಕೆಲವರು ತ್ಯಾಗ ಮಾಡಬೇಕು ಎಂದು ಹೇಳುವವರು ಮಹಾಭಾರತದ ವಿದುರನನ್ನು ಸಾಕ್ಷಿಗೆ ಕರೆಯುತ್ತಾರೆ. ದೊಡ್ಡದರ ಸಲುವಾಗಿ ಸಣ್ಣದನ್ನು ಬಿಡು ಎಂದು ಮನುಷ್ಯನಿಂದ ಮನೆತನಕ್ಕೆ, ಊರಿಗೆ, ನಾಡಿಗೆ ಮೆಟ್ಟಿಲು ಹತ್ತುವ ಆ ನೀತಿ ಎಲ್ಲರಿಗೂ ಗೊತ್ತು. ಅದನ್ನು ಯಾರ ಕುರಿತು ಹೇಳಿದ್ದು ಎಂಬುದನ್ನು ಮಾತ್ರ ಮರೆಯುತ್ತಾರೆ. ವಿದುರ ಬಿಡು ಎಂದದ್ದು ದುರ್ಯೋಧನನನ್ನು, ಅರಮನೆಯ ಕುಡಿಯನ್ನು, ಮುಂದೆ ಎಲ್ಲರನ್ನೂ ಹಾಳು ಮಾಡಬಲ್ಲ ಬಲಶಾಲಿಯನ್ನು. ಹೇಳಿದ್ದು ಅವನ ಹೆತ್ತ ತಂದೆಗೆ, ಬಿಟ್ಟರೆ ತನ್ನ ಕರುಳೇ ಕತ್ತರಿಸುವಂಥ ರಾಜನಿಗೆ. ಕುಕ್ಕೆ ಹೊತ್ತವಳನ್ನು ಬಿಡು ಎಂದು ವಿದುರ ಎಲ್ಲೂ ಹೇಳಲಿಲ್ಲ. ಇನ್ನೂ ಒಂದಿದೆ. ಆ ಮೆಟ್ಟಿಲಿನ ಕೊನೆಯಲ್ಲಿ ಆತ್ಮಕ್ಕಾಗಿ ಭೂಮಿಯನ್ನೇ ಬಿಡಬಹುದು ಎಂಬ ಮಾತು ಬರುತ್ತದೆ. ಅಲ್ಲಿಯವರೆಗೆ ಏರುತ್ತ ಬಂದ ಎಣಿಕೆ ಅಲ್ಲಿ ಥಟ್ಟನೆ ತಿರುಗಿ ಒಬ್ಬನ ಮುಂದೆ ನಿಲ್ಲುತ್ತದೆ. ಆ ಒಂದು ತಿರುವಿನಲ್ಲಿ, ಮನುಷ್ಯರನ್ನು ಕೂಡಿ ಕಳೆದು ಧರ್ಮವನ್ನು ತೀರ್ಮಾನಿಸಲಾಗದು ಎಂಬ ಅರಿವು ಇದೆ ಎಂದೇ ನಾನು ತಿಳಿದಿದ್ದೇನೆ. ತ್ಯಾಗವೆಂದರೆ ತನ್ನ ಕೈಯಲ್ಲಿರುವುದನ್ನು ತಾನು ಬಿಡುವುದು. ಮತ್ತೊಬ್ಬರ ಕೈಯಿಂದ ಬಿಡಿಸಿಕೊಂಡು ಅದನ್ನು ಅವರ ತ್ಯಾಗ ಎಂದು ಬರೆದುಕೊಳ್ಳುವ ಅಧಿಕಾರ ಯಾರಿಗೂ ಇಲ್ಲ.

ಗಾಂಧೀಜಿಯನ್ನೂ ಈ ಪ್ರಶ್ನೆ ಕಾಡಿತ್ತು. 1904ರಲ್ಲಿ ಜೊಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೋಗುವ ರೈಲಿನಲ್ಲಿ ಅವರು ಇಂಗ್ಲಿಷ್ ಲೇಖಕ ರಸ್ಕಿನ್ನನ ಪುಸ್ತಕವೊಂದನ್ನು ಓದಿದರು. 1908ರಲ್ಲಿ ಅದರ ಸಾರವನ್ನು ಗುಜರಾತಿಗೆ ತಂದು 'ಸರ್ವೋದಯ' ಎಂದು ಹೆಸರಿಟ್ಟರು. ಹೆಚ್ಚು ಜನರ ಹೆಚ್ಚು ಹಿತ ಎಂಬ ಅಳತೆಗೋಲು ಅವರಿಗೆ ಒಪ್ಪಿಗೆಯಾಗಲಿಲ್ಲ. ಉಳಿದ ಕೆಲವರ ಹಿತವನ್ನು ಬಲಿಕೊಡಲು ಅದು ಪರವಾನಗಿ ಕೊಡುತ್ತದೆ ಎಂಬುದು ಅವರ ತಕರಾರು.

ಆದರೆ ನನಗೆ ದಾರಿ ತೋರಿಸಿದ್ದು ನಮ್ಮ ಸೀಮೆಯದೇ ಒಂದು ಆಚರಣೆ. ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಜಾತ್ರೆ ನಡೆಯುತ್ತದೆ. ಮಂಟೇಸ್ವಾಮಿ ಪರಂಪರೆಯ ನೀಲಗಾರರು, ಒಕ್ಕಲುಗಳು ಬನದ ಹುಣ್ಣಿಮೆಗೆ ಅಲ್ಲಿ ಸೇರುತ್ತಾರೆ. ಜಾತ್ರೆಯಲ್ಲಿ ಪಂಕ್ತಿಸೇವೆ ಎಂಬುದೊಂದಿದೆ: ಜಾತಿ ಕೇಳದೆ ಸಾಲಾಗಿ ಕೂತು ಉಣ್ಣುವುದು. ಸಾಲಿನಲ್ಲಿ ತಲೆಯೂ ಇದೆ, ಬಾಲವೂ ಇದೆ. ಬಡಿಸುವವನು ಎಲ್ಲರೆದುರಿಗೂ ಒಂದೇ ಸಲ ನಿಲ್ಲಲಾರ. ತುದಿಯಲ್ಲಿ ಕೂತವನಿಗೆ ತಡವಾಗಿ ಬರುತ್ತದೆ, ಅನ್ನ ಆರಿರಲೂಬಹುದು. ಅದನ್ನು ಯಾರೂ ಅಧರ್ಮ ಎನ್ನುವುದಿಲ್ಲ. ತುದಿಯವನ ಎಲೆ ಬರಿದಾಗಿರುವಾಗ ಮೊದಲಿನವನಿಗೆ ಎರಡನೆಯ ಸಲ ಬಡಿಸಿದರೆ ಅದು ಪಂಕ್ತಿಭೇದ. ಎಷ್ಟೇ ಬಡವರ ಮನೆಯ ತಿಥಿಯೂಟದಲ್ಲೂ ಇದನ್ನು ಸಹಿಸುವುದಿಲ್ಲ.

ಬಸ್ಸಿನ ಜಾಡನ್ನು ಹೀಗೆ ನೋಡಿದರೆ ನನ್ನ ಪ್ರಶ್ನೆ ಸ್ವಲ್ಪ ಬಿಡಿಸಿಕೊಳ್ಳುತ್ತದೆ. ಎಲ್ಲರಿಗೂ ಒಂದೇ ಅಳತೆ ಬೇಕಿಲ್ಲ. ಚಂದಕವಾಡಿಯಲ್ಲಿ ನಿಂತವರಿಗೆ ಹತ್ತು ನಿಮಿಷಕ್ಕೊಂದು ಬಸ್ಸು ಕೊಡಿ ಎಂದು ನಾನು ಕೇಳುವುದಿಲ್ಲ, ಖಾಲಿ ಗಾಡಿ ಓಡಿಸಿ ಡೀಸೆಲ್ ಸುಡುವುದೂ ಪಾಪವೇ. ಆದರೆ ದೊಡ್ಡ ರಸ್ತೆಯಲ್ಲಿ ಎಂಟು ನಿಮಿಷದ ಬಸ್ಸನ್ನು ಆರು ನಿಮಿಷಕ್ಕೆ ಇಳಿಸುವ ಮೊದಲು, ದಿನಕ್ಕೆರಡೇ ಟ್ರಿಪ್ ಇರುವ ಕಡೆ ಆ ಎರಡೂ ತಪ್ಪದೆ ಬರುತ್ತವೆ ಎಂಬ ಭರವಸೆ ಆಗಿರಬೇಕು. ನಮ್ಮೂರಿನ ಅಜ್ಜಿಯೊಬ್ಬಳು ನನಗೆ ಹೇಳಿದ್ದು ಇಷ್ಟೇ: "ಬತ್ತದ ಅಂದ್ರ ಕಾಯ್ತೀನಿ ಕನ ಮೊಗ. ಬರಾದಿಲ್ಲ ಅಂದ್ರ ನಡ್ಕ ಹೋಯ್ತೀನಿ. ಬತ್ತದೋ ಇಲ್ವೋ ಅಂದ್ರ ನಾ ಏನ್ ಮಾಡ್ಲಿ?" ಬಸ್ಸಿನ ವೇಳಾಪಟ್ಟಿ ಕೊಟ್ಟ ಮಾತು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ಹೇಳಿಲ್ಲ. ಡಿಪೋದಲ್ಲಿ ಫಾರಂ-4 ಎಂದು ಕರೆಯುವ ಹಾಳೆಯಲ್ಲಿ ಹೊರಡುವ ಹೊತ್ತು, ಮುಟ್ಟುವ ಹೊತ್ತು ಬರೆದಿರುತ್ತಾರೆ. ನಮಗೆ ಅದು ಡ್ಯೂಟಿಯ ಕಾಗದ. ನಿಲ್ದಾಣದಲ್ಲಿ ಕೂತ ಅಜ್ಜಿಗೆ ಅವಳ ಇಡೀ ದಿನ.

ನಮ್ಮ ಕಾನೂನಿನಲ್ಲೂ ಈ ತೊಳಲಾಟ ಇದೆ. 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ 18ನೇ ಕಲಮು ಸಾಕಷ್ಟು, ದಕ್ಷ, ಮಿತವ್ಯಯದ ಸೇವೆ ಒದಗಿಸಬೇಕು ಎನ್ನುತ್ತದೆ. 22ನೇ ಕಲಮು ವ್ಯವಹಾರದ ತತ್ವದ ಮೇಲೆ ನಡೆಯಬೇಕು ಎನ್ನುತ್ತದೆ. ಒಂದೇ ನಿಗಮದ ಮೇಲೆ ಎರಡು ಧರ್ಮ. ಮಾರ್ಗವನ್ನು ಕಿಲೋಮೀಟರಿಗೆ ಎಷ್ಟು ಹುಟ್ಟಿತು ಎಂದು ಅಳೆಯುವ ಅಧಿಕಾರಿ ಕಟುಕನಲ್ಲ. ಅವನಿಗೂ ಸಂಬಳ, ಡೀಸೆಲ್, ಟೈರು ಹೊಂದಿಸಬೇಕಿದೆ. ಕಷ್ಟ ಬರುವುದು ಎರಡು ಧರ್ಮಗಳನ್ನು ಒಂದೇ ಖಾತೆಯಲ್ಲಿ ಬೆರೆಸಿದಾಗ. ಆಗ ಕೊನೇ ಹಳ್ಳಿಯ ಬಸ್ಸು ಪ್ರತಿ ತಿಂಗಳೂ ನಷ್ಟದ ಪಟ್ಟಿಯಲ್ಲಿ ಅಪರಾಧಿಯ ಹಾಗೆ ನಿಲ್ಲುತ್ತದೆ. ಅಮೆರಿಕದ ಹ್ಯೂಸ್ಟನ್ ನಗರದವರು ಜಾಡು ಬದಲಿಸುವ ಮೊದಲೇ ಬಹಿರಂಗವಾಗಿ ತೀರ್ಮಾನ ಮಾಡಿಕೊಂಡರು: ಸೇವೆಯ ನೂರರಲ್ಲಿ 80 ಪಾಲು ಹೆಚ್ಚು ಜನ ಹತ್ತುವ ಕಡೆಗೆ, 20 ಪಾಲು ಜನ ಕಡಿಮೆಯಿದ್ದರೂ ಬಸ್ಸು ಹೋಗಲೇಬೇಕಾದ ಕಡೆಗೆ. ಹೊಸ ಜಾಡು 2015ರ ಆಗಸ್ಟ್ 16ರಂದು ಶುರುವಾಯಿತು. 20 ಸರಿಯೋ 30 ಸರಿಯೋ ಎಂಬುದು ಬೇರೆ ಚರ್ಚೆ. ತುದಿಯವರ ಪಾಲನ್ನು ಮೊದಲೇ ತೆಗೆದಿಟ್ಟು, ಅದು ದಾನವಲ್ಲ ಎಂದು ಹೇಳಿದ ರೀತಿ ನನಗೆ ಹಿಡಿಸಿತು. ಇದಕ್ಕೆ ತದ್ವಿರುದ್ಧವಾಗಿ ಚಿಲಿ ದೇಶದ ಸ್ಯಾಂಟಿಯಾಗೊದಲ್ಲಿ 2007ರ ಫೆಬ್ರವರಿ 10ರಂದು ಇಡೀ ನಗರದ ಬಸ್ಸುಗಳನ್ನು ಒಂದೇ ದಿನ ಬದಲಿಸಿದರು. ಬಡವರ ಬಡಾವಣೆಗಳ ಜನ ನಿಲ್ದಾಣಗಳಲ್ಲಿ ನಿಂತೇ ಉಳಿದರು. ಅಧ್ಯಕ್ಷೆ ಮಿಶೆಲ್ ಬಾಚೆಲೆಟ್ ದೇಶದ ಮುಂದೆ ಕ್ಷಮೆ ಕೇಳಬೇಕಾಯಿತು.

ಎಣಿಕೆಯ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಕಂಡಕ್ಟರನ ಕೈಯ ಇ.ಟಿ.ಎಂ. ಯಂತ್ರ ಟಿಕೆಟ್ ತೆಗೆದುಕೊಂಡವರನ್ನು ಎಣಿಸುತ್ತದೆ. ಬಸ್ಸಿಲ್ಲವೆಂದು ಮನೆಯಲ್ಲೇ ಉಳಿದವರನ್ನು, ಶಾಲೆ ಬಿಟ್ಟ ಹುಡುಗಿಯನ್ನು, ಇವತ್ತು ಬೇಡ ಎಂದು ಆಸ್ಪತ್ರೆಯನ್ನು ಮುಂದೂಡಿದವಳನ್ನು ಯಾವ ಯಂತ್ರವೂ ಎಣಿಸುವುದಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಂಗಸರಿಗೆ ಶೂನ್ಯ ಟಿಕೆಟ್ ಕೊಡತೊಡಗಿದ ಮೇಲೆ ನಮ್ಮ ಕಡೆಯ ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲ. ದುಡ್ಡು ದಂಡ ಎಂದು ಗೊಣಗುವವರಿದ್ದಾರೆ. ನನಗೆ ಕಂಡದ್ದು ಬೇರೆ: ಇಷ್ಟು ಜನಕ್ಕೆ ಹೋಗಲು ಜಾಗವಿತ್ತು, ಕೆಲಸವಿತ್ತು, ಆಸೆಯಿತ್ತು, ಇಷ್ಟು ವರ್ಷ ನಮ್ಮ ಲೆಕ್ಕದಲ್ಲಿ ಅವರು ಇರಲಿಲ್ಲ. ಬೇಡಿಕೆ ಇಲ್ಲ ಎಂದು ಒಂದು ಮಾರ್ಗವನ್ನು ಮುಚ್ಚುವಾಗ ಈ ಹೆಂಗಸರನ್ನು ನೆನೆಯಬೇಕು.

ಬದಲಾವಣೆಯೇ ಬೇಡ ಎನ್ನುವುದೂ ಧರ್ಮವಾಗಲಾರದು. ಊರು ಬದಲಾದಾಗ ಜಾಡು ಹಾಗೇ ಉಳಿದರೆ, ಹಿಂದೆ ಗಟ್ಟಿಯಾಗಿ ಕೂಗಿ ಬಸ್ಸು ಹಾಕಿಸಿಕೊಂಡವರೇ ಸಾಲಿನ ತಲೆಯಲ್ಲಿ ಕೂತಿರುತ್ತಾರೆ. ಚಾಮರಾಜನಗರದಲ್ಲೇ ನೋಡಿ. 2016ರಲ್ಲಿ ವೈದ್ಯಕೀಯ ಕಾಲೇಜು ಬಂತು, 2021ರಲ್ಲಿ ಅದರ ದೊಡ್ಡ ಆಸ್ಪತ್ರೆ ಪಟ್ಟಣದ ಹೊರಗೆ ಯಡಪುರದ ಬಳಿ ತೆರೆಯಿತು. ರೋಗಿ ಹೋಗುವ ದಿಕ್ಕೇ ಬೇರೆಯಾಯಿತು. ಹೊಲ, ಅರಿಸಿನದ ಪಾತಿ ಬಿಟ್ಟು ಚಂದಕವಾಡಿ ಕಡೆಯಿಂದ ಬಂದವರು ಪಟ್ಟಣದಲ್ಲಿಳಿದು ಮುಂದಕ್ಕೆ ಇನ್ನೊಂದು ಬಸ್ಸೋ ಆಟೊವೋ ಹಿಡಿಯಬೇಕು. ಬೆಂಗಳೂರಿನವರಿಗೆ ಬಂದ ಪ್ರಶ್ನೆ ಈಗ ನಮ್ಮ ಸಣ್ಣ ಪಟ್ಟಣಕ್ಕೂ ಬಂದಿದೆ: ಎಲ್ಲಿ ಬದಲಾಯಿಸಬೇಕು, ಅಲ್ಲಿ ನೆರಳಿದೆಯೇ, ಕೂರಲು ಕಲ್ಲುಬೆಂಚು ಇದೆಯೇ, ಮುಂದಿನ ಬಸ್ಸು ಹಿಂದಿನದಕ್ಕಾಗಿ ಎರಡು ನಿಮಿಷ ಕಾಯುತ್ತದೆಯೇ. ಕೇಳಲು ಸಣ್ಣವು. ಬಸ್ಸು ಬದಲಾಯಿಸು ಎನ್ನುವುದು ಸಹಿಸಬಹುದಾದ ಮಾತೋ ಕ್ರೂರವೋ ಎಂಬುದು ಇವುಗಳಲ್ಲೇ ತೀರ್ಮಾನವಾಗುತ್ತದೆ.

ಅನುಕೂಲವನ್ನು ಬಿಟ್ಟುಕೊಡುವುದು ಜನಕ್ಕೆ ಗೊತ್ತಿಲ್ಲದ್ದೇನಲ್ಲ. ಗುಂಡ್ಲುಪೇಟೆಯ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಬುಡದಲ್ಲಿ ಸ್ವಂತ ವಾಹನಗಳನ್ನು ನಿಲ್ಲಿಸಬೇಕು, ಮೇಲಕ್ಕೆ ಕೆ.ಎಸ್.ಆರ್.ಟಿ.ಸಿ. ಬಸ್ಸೇ ಗತಿ. ದೊಡ್ಡ ಕಾರಿನವರೂ ಸರಗೂರಿನ ಕೂಲಿಯವರೂ ಒಂದೇ ಸೀಟಿನಲ್ಲಿ ಕೂತು ಹತ್ತುತ್ತಾರೆ. ಬಂಡೀಪುರದ ರಸ್ತೆಯಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಓಡಾಟ ನಿಂತಿದೆ, ಕೆಲವೇ ಬಸ್ಸುಗಳಿಗೆ ಅನುಮತಿ. ಆನೆಗಳು, ಜಿಂಕೆಗಳು ಟಿಕೆಟ್ ಕೊಳ್ಳುವುದಿಲ್ಲ, ಆದರೂ ಅವುಗಳಿಗೂ ಒಂದು ಪಾಲು ತೆಗೆದಿಟ್ಟಿದ್ದೇವೆ. ಎರಡೂ ಕಡೆ ಅನುಕೂಲ ಬಿಟ್ಟುಕೊಟ್ಟವರು ಹೆಚ್ಚಾಗಿ ಉಳ್ಳವರು, ವಾಹನವಿದ್ದವರು. ಭಾರ ಹೊರಬಲ್ಲವರ ಹೆಗಲಿಗೆ ಬಿದ್ದಿದೆ.

ಆದ್ದರಿಂದ ಜಾಡು ಬದಲಿಸುವವರಲ್ಲಿ ನನ್ನದೊಂದು ಕೋರಿಕೆ. ಹೊಸ ನಕ್ಷೆಯ ಮೊದಲ ಪುಟದಲ್ಲಿ ಎಷ್ಟು ಜನಕ್ಕೆ ಎಷ್ಟು ನಿಮಿಷ ಉಳಿಯಿತು ಎಂದು ಬರೆಯುವ ಮೊದಲು, ಯಾವ ನಿಲ್ದಾಣಕ್ಕೆ ಇನ್ನು ಬಸ್ಸು ಬರುವುದಿಲ್ಲವೋ ಆ ಹೆಸರುಗಳನ್ನು ಒಂದೊಂದಾಗಿ ಬರೆಯಿರಿ. ನೇರ ಬಸ್ಸು ಕಳೆದುಕೊಳ್ಳುವ ಊರುಗಳನ್ನೂ ಅದರ ಕೆಳಗೇ ಬರೆಯಿರಿ. ಆದೇಶಕ್ಕೆ ಸಹಿ ಹಾಕುವ ಮುಂಚೆ ಆ ನಿಲ್ದಾಣಗಳಿಗೆ ಬೆಳಗಿನ ಮೊದಲ ಟ್ರಿಪ್ಪಿನ ಹೊತ್ತಿಗೆ ಹೋಗಿ, ಅಲ್ಲಿ ನಿಂತವರಿಗೆ ಬದಲಿ ಏನು ಎಂಬುದನ್ನು ನೀವೇ ಹೇಳಿ. ಅವರು ಆಗುವುದಿಲ್ಲ ಎಂದರೆ ಏಕೆ ಆಗುವುದಿಲ್ಲ ಎಂಬುದನ್ನು ಅವರ ಮಾತಿನಲ್ಲೇ ಬರೆದುಕೊಂಡು ಬನ್ನಿ.