ಮೂರು ಪರಮಾಣುಗಳ ಸಾಕ್ಷಿ

ಯಾರೂ ಎರಡನೆಯ ಸಲ ನೋಡಲಾಗದ ವಸ್ತುವೊಂದು ನಿಜವಾಗಿಯೂ ಇತ್ತೆಂದು ನಂಬುವುದು ಹೇಗೆ? ಪ್ರಮಾಣಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿರುವ ನನ್ನನ್ನು ಈ ಪ್ರಶ್ನೆ ಹೆಚ್ಚು ಕಾಡಿದ್ದು ನ್ಯಾಯಸೂತ್ರಗಳಿಂದಲ್ಲ, ಜಪಾನಿನ ರಿಕೆನ್ ಸಂಸ್ಥೆಯ ಪ್ರಯೋಗವೊಂದರಿಂದ.

ಕೊಸುಕೆ ಮೊರಿಟಾ ಮತ್ತು ಸಂಗಡಿಗರು ಬಿಸ್ಮತ್‌ನ ತೆಳು ಪದರಕ್ಕೆ ಸತುವಿನ ನ್ಯೂಕ್ಲಿಯಸ್‌ಗಳನ್ನು ಬೆಳಕಿನ ವೇಗದ ಸುಮಾರು ಹತ್ತನೇ ಒಂದು ಪಾಲು ವೇಗದಲ್ಲಿ ಹೊಡೆದರು. ಸತುವಿನ 30 ಪ್ರೋಟಾನು, ಬಿಸ್ಮತ್‌ನ 83. ಕೂಡಿದರೆ 113ನೆಯ ಧಾತು. ಲೆಕ್ಕ ಸುಲಭ, ಕೂಡುವುದು ಮಾತ್ರ ಅಪರೂಪ. ಸತುವಿನ ಬಹುಪಾಲು ಹಾಗೆಯೇ ತೂರಿಹೋಗುತ್ತದೆ. ಆ ಜಾತ್ರೆಯಿಂದ ಹೊಸಬನೊಬ್ಬನನ್ನು ಬೇರ್ಪಡಿಸಲು ಹೀಲಿಯಂ ತುಂಬಿದ ದಾರಿ, ಜೊತೆಗೆ ಕಾಂತಗಳು. ಬೇಡದವು ಬೇರೆ ಕಡೆ ಬಾಗುತ್ತವೆ. ಬೇಕಾದದ್ದು ಸಿಲಿಕಾನ್ ಪತ್ತೆಯಂತ್ರದಲ್ಲಿ ಹುದುಗುತ್ತದೆ.

2004ರ ಜುಲೈಯಲ್ಲಿ ಸಿಕ್ಕ ಮೊದಲನೆಯದು ಬದುಕಿದ್ದು ಸೆಕೆಂಡಿನ ಸುಮಾರು ಮೂರು ಸಾವಿರದ ಒಂದು ಪಾಲು. ಎರಡನೆಯದು 2005ರಲ್ಲಿ. ಆಮೇಲೆ ಏಳು ವರ್ಷ ಏನೂ ಇಲ್ಲ. (ಮೊರಿಟಾ ದೇಗುಲಗಳಲ್ಲಿ 113 ಯೆನ್ ಕಾಣಿಕೆ ಹಾಕುತ್ತಿದ್ದರಂತೆ, ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಮೂರನೆಯದು 2012ರ ಆಗಸ್ಟಿನಲ್ಲಿ.

ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿ ಇದೆಯೆಂದು ತಿಳಿಯುವುದು ನಮ್ಮ ತಾರ್ಕಿಕರ ಹಳೆಯ ಉದಾಹರಣೆ. ಅನುಮಾನ ಬಂದರೆ ಬೆಟ್ಟ ಹತ್ತಿ ನೋಡಬಹುದು. ಇಲ್ಲಿ ಹತ್ತುವಷ್ಟರಲ್ಲಿ ಬೆಂಕಿಯೂ ಇಲ್ಲ, ಹೊಗೆಯೂ ಇಲ್ಲ. ಹುದುಗಿದ ಜಾಗದಿಂದ ಒಂದರ ಹಿಂದೊಂದು ಆಲ್ಫಾ ಕಣ ಹೊರಟ ಹೊತ್ತು ಮತ್ತು ಅದರ ಶಕ್ತಿ, ಇಷ್ಟೇ ದಾಖಲೆ. ಮೂರನೆಯ ಸಲ ಅಂಥ ಆರು ಕಣ. ಸರಪಳಿಯ ಕೊನೆಗೆ ಮೊದಲೇ ಪರಿಚಯವಿದ್ದ ಡುಬ್ನಿಯಂ, ಲಾರೆನ್ಸಿಯಂ ಬಂದದ್ದರಿಂದ, ಮಕ್ಕಳ ಗುರುತು ಹಿಡಿದು ತಾಯಿಯ ಹೆಸರು ಹೇಳಿದ ಹಾಗೆ, ಮೊದಲನೆಯದು ಯಾವುದೆಂದು ತಿಳಿಯಿತು.

ಇದನ್ನು ಅನುಮಾನ ಪ್ರಮಾಣವೆಂದು ಕರೆದು ಸುಮ್ಮನಾಗಬಹುದಿತ್ತು. ಆದರೆ 1999ರಲ್ಲಿ ಅಮೆರಿಕದ ಬರ್ಕ್ಲಿಯಿಂದ 118ನೆಯ ಧಾತು ಸಿಕ್ಕಿತೆಂಬ ಸುದ್ದಿ ಬಂತು. ಅಲ್ಲಿಯೂ ಮೂರೇ ಸರಪಳಿ. ಬೇರೆಯವರು ಪ್ರಯತ್ನಿಸಿದರೆ ಏನೂ ಸಿಗಲಿಲ್ಲ. ಮೂಲ ದತ್ತಾಂಶ ತೆಗೆದು ನೋಡಿದರೆ ಆ ಸರಪಳಿಗಳೇ ಅಲ್ಲಿರಲಿಲ್ಲ. 2002ರಲ್ಲಿ ಪ್ರಬಂಧವನ್ನು ಹಿಂತೆಗೆದುಕೊಂಡರು. ತಮಾಷೆಯೆಂದರೆ, 118 ಮುಂದೆ ರಷ್ಯಾದ ಡುಬ್ನಾದಲ್ಲಿ ಬೇರೆ ದಾರಿಯಿಂದ ಸಿಕ್ಕೇಬಿಟ್ಟಿತು. ಹೇಳಿದ ಮಾತು ನಿಜವಾಯಿತು, ಹೇಳಿದ ಸಾಕ್ಷಿ ಸುಳ್ಳಾಗಿಯೇ ಉಳಿಯಿತು. ಸತ್ಯವನ್ನು ವಾಕ್ಯದಲ್ಲಷ್ಟೇ ಹುಡುಕುವ ನಮ್ಮ ಸೆಮಿನಾರುಗಳಿಗೆ ಇದು ಕಷ್ಟದ ಪ್ರಶ್ನೆ.

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎನ್ನುತ್ತಾರೆ. ರಿಕೆನ್‌ನವರು ಆ ಏಳು ವರ್ಷದ ನಡುವೆ ಕ್ಯೂರಿಯಂಗೆ ಸೋಡಿಯಂ ಹೊಡೆದು, ತಮ್ಮ ಸರಪಳಿಯ ನಡುವಿನ ಕೊಂಡಿಯಾದ ಬೋರಿಯಂ ಒಂದನ್ನೇ ಬೇರೆಯಾಗಿ ತಯಾರಿಸಿ, ಅದು ಹೇಗೆ ಒಡೆಯುತ್ತದೆಂದು ಹೋಲಿಸಿ ನೋಡಿದರು. ಆಮೇಲೆ ಮತ್ತೆ ಬಿಸ್ಮತ್, ಮತ್ತೆ ಸತು.