ಇನ್ನೊಬ್ಬರ ಪತ್ರ

ನನ್ನ ಮಗಳು ಇಂಜಿನಿಯರಿಂಗ್ ಓದುವಾಗ ಅವಳಿಗಿಂತ ಹೆಚ್ಚು ಪಾಠ ಕೇಳಿದವಳು ನಾನೇ ಇರಬೇಕು. ಓದಿದ್ದನ್ನು ಯಾರಿಗಾದರೂ ಗಟ್ಟಿಯಾಗಿ ಹೇಳದಿದ್ದರೆ ಅವಳಿಗೆ ತಲೆಗೆ ಹತ್ತುವುದಿಲ್ಲ. ಚಿತ್ತವಾಡ್ಗಿಯ ನಮ್ಮ ಮನೆಯಲ್ಲಿ ರಾತ್ರಿ ಎಂಟರ ಹೊತ್ತಿಗೆ ಅವಳ ಕೈಗೆ ಸಿಗುತ್ತಿದ್ದವಳು ರೊಟ್ಟಿ ಬಡಿಯುತ್ತ ನಿಂತ ನಾನೊಬ್ಬಳೇ. ಬಿ.ಎ., ಬಿ.ಎಡ್. ಮಾಡಿಕೊಂಡು ಮೂವತ್ತು ವರ್ಷ ಮಕ್ಕಳಿಗೆ ಕನ್ನಡ, ಸಮಾಜ ಹೇಳಿಕೊಟ್ಟವಳಿಗೆ ಕಂಪ್ಯೂಟರಿನ ವಿದ್ಯೆ ಎಲ್ಲಿ ತಿಳಿಯಬೇಕು? ಆದರೂ ಹೂಂಗುಟ್ಟುತ್ತಿದ್ದೆ. ಹೂಂಗುಟ್ಟುವವರಿಲ್ಲದೆ ಕಥೆಯೂ ಸಾಗುವುದಿಲ್ಲ, ಪಾಠವೂ ಸಾಗುವುದಿಲ್ಲ.

ಅವಳು ಓದಿದ್ದು ನಮ್ಮ ಹೊಸಪೇಟೆಯ ಪ್ರೌಢದೇವರಾಯ ಇಂಜಿನಿಯರಿಂಗ್ ಕಾಲೇಜಿನಲ್ಲಿ. ಪಠ್ಯ, ಪರೀಕ್ಷೆ ಎಲ್ಲ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ್ದು. 2022ರ ಕೊನೆಯಲ್ಲಿ, ಐದನೆಯ ಸೆಮಿಸ್ಟರಿನಲ್ಲಿ, ಕಂಪ್ಯೂಟರ್ ನೆಟ್‌ವರ್ಕ್ ಎಂಬ ವಿಷಯ ಬಂತು. ಒಂದು ಕಂಪ್ಯೂಟರಿನ ಮಾತು ಇನ್ನೊಂದಕ್ಕೆ ಹೇಗೆ ಮುಟ್ಟುತ್ತದೆ ಎಂಬುದೇ ಆ ವಿಷಯ. ಬೇರೆ ಪಾಠಗಳನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟ ನಾನು ಇದನ್ನು ಮಾತ್ರ ಬಿಡಲಾರದೆ ಹೋದೆ. ಏಕೆಂದು ಹೇಳುತ್ತೇನೆ.

"ಅಮ್ಮಾ, ನೀನೊಂದು ಪತ್ರ ಬರೀತೀ ಅನ್ಕೋ" ಎಂದು ಅವಳು ಶುರು ಮಾಡಿದಳು. "ಅದು ಇಡಿಯಾಗಿ ಹೋಗಂಗಿಲ್ಲ. ತುಂಡು ತುಂಡಾಗಿ ಹೋಗ್ತದೆ. ಪ್ರತಿ ತುಂಡಿಗೂ ಒಂದು ಲಕೋಟೆ. ಲಕೋಟೆ ಮೇಲೆ ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು, ಎಷ್ಟನೇ ತುಂಡು, ಎಲ್ಲಾ ಬರೆದಿರ್ತದೆ." ದಾರಿಯುದ್ದಕ್ಕೂ ರೂಟರ್ ಎಂಬ ಯಂತ್ರಗಳಿರುತ್ತವಂತೆ. ರಾಯ ಕಾಲುವೆ, ಬಸವಣ್ಣ ಕಾಲುವೆಗಳಿಂದ ಕವಲು ಒಡೆಯುವ ಕಡೆ ನೀರುಗಂಟಿ ನಿಂತು ಈ ನೀರು ಯಾವ ಕವಲಿಗೆ ಹೋಗಬೇಕೆಂದು ತೂಬು ಎತ್ತುತ್ತಾನಲ್ಲ, ಹಾಗೆ. ರೂಟರು ವಿಳಾಸ ನೋಡುತ್ತದೆ, ಮುಂದಿನ ಕವಲು ಯಾವುದೆಂದು ನಿರ್ಧರಿಸುತ್ತದೆ, ಬಿಟ್ಟುಬಿಡುತ್ತದೆ. ತುಂಡುಗಳು ಬೇರೆ ಬೇರೆ ದಾರಿ ಹಿಡಿದು, ಹಿಂದುಮುಂದಾಗಿ ಬಂದರೂ ಮುಟ್ಟಬೇಕಾದ ಕಡೆ ಸಂಖ್ಯೆ ನೋಡಿ ಜೋಡಿಸಿಕೊಳ್ಳುತ್ತಾರೆ. ಒಂದು ಕಳೆದುಹೋದರೆ ಮತ್ತೆ ಕಳಿಸಲಾಗುತ್ತದೆ.

"ಆ ನಡುವಿನ ರೂಟರು ಒಳಗೇನಿದೆ ಅಂತ ನೋಡಂಗಿಲ್ಲೇನು?" ಎಂದೆ.

"ಅದಕ್ಯಾಕಮ್ಮಾ ಬೇಕು? ಅದರ ಕೆಲಸ ಮುಟ್ಟಿಸೋದು ಅಷ್ಟೇ."

ನನ್ನ ಕೈಯಲ್ಲಿದ್ದ ರೊಟ್ಟಿ ಹೆಂಚಿನ ಮೇಲೆ ಸೀದುಹೋಯಿತು.

ಮದುವೆಯಾಗಿ ನಾನು ಈ ಮನೆಗೆ ಬಂದದ್ದು 1993ರಲ್ಲಿ. ತವರಿನಿಂದ ನನ್ನ ಹೆಸರಿಗೆ ಬಂದ ಪತ್ರಗಳನ್ನು ನಮ್ಮ ಮಾವನವರೇ ಮೊದಲು ಒಡೆದು ಓದುತ್ತಿದ್ದರು. ಅವರು ಕೆಟ್ಟವರಲ್ಲ. ಮನೆಗೆ ಬಂದ ಪತ್ರ ಮನೆಯ ಯಜಮಾನರದು ಎಂಬುದು ಅವರ ಲೆಕ್ಕ. ಓದಿ, ಮಡಿಚಿ, "ನಿಮ್ಮ ಕಡೆ ಎಲ್ಲಾ ಕ್ಷೇಮವಂತೆ ನೋಡಮ್ಮಾ" ಎಂದು ನನ್ನ ಕೈಗೆ ಕೊಡುತ್ತಿದ್ದರು. ನಾಲ್ಕನೆಯ ಇಯತ್ತೆ ಓದಿದ ನನ್ನ ತಾಯಿ ಇನ್‌ಲ್ಯಾಂಡಿನ ಮೂಲೆಮೂಲೆಗೂ ತುಂಬಿಸಿ ಬರೆಯುತ್ತಿದ್ದವಳು. ಒಮ್ಮೆ ಬಂದಾಗ ಈ ಪದ್ಧತಿ ನೋಡಿದಳು. ಏನೂ ಅನ್ನಲಿಲ್ಲ. ಅಲ್ಲಿಂದಾಚೆಗೆ ಅವಳ ಪತ್ರಗಳೆಲ್ಲ ಒಂದೇ ಥರ: ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು. ಅವಳಿಗೆ ಗರ್ಭಕೋಶದ ಆಪರೇಷನ್ ಆಗಿದ್ದು ನನಗೆ ತಿಳಿದದ್ದು ಮೂರು ತಿಂಗಳ ಮೇಲೆ. "ಅಂಥಾದ್ದನ್ನ ಬೀಗರ ಕಣ್ಣಿಗೆ ಬೀಳೋ ಹಂಗೆ ಹ್ಯಾಂಗೆ ಬರೀಲೇ?" ಎಂದಳು. ಪತ್ರ ಒಡೆದವರು ಕದ್ದದ್ದು ಏನನ್ನೂ ಅಲ್ಲ, ಅಕ್ಷರವೊಂದೂ ಕಡಿಮೆಯಾಗಿರಲಿಲ್ಲ. ಆದರೆ ನನ್ನ ತಾಯಿ ಆ ಕಾಗದದಲ್ಲಿ ಮಾತಾಡುವುದನ್ನೇ ನಿಲ್ಲಿಸಿದಳು.

ಇಷ್ಟು ನೊಂದವಳು ಬುದ್ಧಿ ಕಲಿಯಬೇಕಿತ್ತಲ್ಲವೇ? ಕಲಿತದ್ದು ಒಡೆಯುವುದನ್ನು.

1998ರಲ್ಲಿ ನಾನೊಂದು ಹಳ್ಳಿಯ ಪ್ರೌಢಶಾಲೆಯಲ್ಲಿದ್ದೆ. ಹತ್ತನೆಯ ತರಗತಿಯ ಒಬ್ಬ ಹುಡುಗಿಗೆ ಶಾಲೆಯ ವಿಳಾಸಕ್ಕೆ ಪತ್ರ ಬಂತು. ಅಂಚೆಯವನು ನನ್ನ ಕೈಯಲ್ಲಿ ಕೊಟ್ಟ. ಕೈಬರಹ ಹುಡುಗನದಿದ್ದಂತೆ ಕಂಡಿತು. ಟೀಚರಾದವಳು, ಹೆಣ್ಣುಮಕ್ಕಳ ಜವಾಬ್ದಾರಿ ಇರುವವಳು, ನೋಡದೆ ಇರಲಾದೀತೇ ಎಂದು ಒಡೆದೆ. ಒಳಗೆ ನಾಲ್ಕೇ ಸಾಲು. ಪಕ್ಕದ ಊರಿನ ಹುಡುಗ, ಪರೀಕ್ಷೆಗೆ ಚೆನ್ನಾಗಿ ಓದು, ಕಾಲೇಜಿಗೆ ಹೊಸಪೇಟೆಗೇ ಬಾ ಎಂದು ಬರೆದಿದ್ದ. ಅಷ್ಟೆ. ನಾನು ಅದನ್ನು ಅವಳ ತಂದೆಯ ಕೈಗೆ ಮುಟ್ಟಿಸಿದೆ. ಮಾರನೆಯ ದಿನದಿಂದ ಅವಳು ಶಾಲೆಗೆ ಬರಲಿಲ್ಲ. ಪರೀಕ್ಷೆಗೂ ಕೂರಲಿಲ್ಲ. ಮೇ ತಿಂಗಳಲ್ಲಿ ಮದುವೆಯಾಯಿತು. ಲಗ್ನಪತ್ರಿಕೆ ನನಗೂ ಕೊಟ್ಟಿದ್ದರು. ಹೋಗಿ, ಅಕ್ಷತೆ ಹಾಕಿ, ಊಟ ಮಾಡಿ ಬಂದೆ. ಒಂದು ಹುಡುಗಿಯ ಮಾನ ಉಳಿಸಿದೆನೆಂದೇ ಅಂದುಕೊಂಡಿದ್ದೆ.

ಮಗಳ ಪಾಠ ಮುಂದುವರಿಯಿತು. ಅವಳ ಲ್ಯಾಬಿನಲ್ಲಿ ಮೇಷ್ಟ್ರು ವೈರ್‌ಶಾರ್ಕ್ ಎಂಬ ತಂತ್ರಾಂಶ ತೋರಿಸಿದರಂತೆ. ತಂತಿಯಲ್ಲಿ ಹೋಗುವ ಲಕೋಟೆಗಳನ್ನು ಹಿಡಿದು ಬಿಡಿಸಿ ತೋರಿಸುವಂಥದು. ಬೀಗ ಹಾಕದೆ ಕಳಿಸಿದ ಗುಪ್ತಪದ ಪರದೆಯ ಮೇಲೆ ಅಕ್ಷರ ಅಕ್ಷರವಾಗಿ ಕಂಡಿತಂತೆ. ಹುಡುಗರೆಲ್ಲ ಹೋ ಎಂದರಂತೆ. ಆಗ ಮೇಷ್ಟ್ರು, ನಿಮ್ಮದೇ ಕಂಪ್ಯೂಟರಿನ ಲಕೋಟೆಯನ್ನಷ್ಟೇ ಬಿಚ್ಚಿ ನೋಡಬೇಕು, ಇನ್ನೊಬ್ಬರದನ್ನು ಕೇಳದೆ ನೋಡಿದರೆ ಅಪರಾಧ ಎಂದರಂತೆ. "ಕಾಣ್ತದೆ ಅಂತ ನೋಡಬಾರದಮ್ಮಾ" ಎಂದಳು ಮಗಳು. ಹತ್ತೊಂಬತ್ತು ತುಂಬಿದ್ದ ಹುಡುಗಿಗೆ ವಿದ್ಯೆಯ ಜೊತೆಯಲ್ಲೇ ಈ ಮಾತನ್ನೂ ಹೇಳಿಕೊಟ್ಟಿದ್ದರು. ನನ್ನ ಬಿ.ಎಡ್.ನಲ್ಲಿ ಮಕ್ಕಳ ಮನಶ್ಶಾಸ್ತ್ರ ಒಂದು ಪತ್ರಿಕೆಯೇ ಇತ್ತು. ಮಕ್ಕಳ ಪತ್ರವನ್ನು ಒಡೆಯಬೇಡ ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಬೀಗದ ವಿಚಾರವನ್ನೂ ಅವಳೇ ಹೇಳಿದಳು. 1977ರಲ್ಲಿ ರಿವೆಸ್ಟ್, ಶಮೀರ್, ಏಡಲ್‌ಮನ್ ಎಂಬ ಮೂವರು ಕಂಡುಹಿಡಿದ ಗೂಢಲಿಪಿಯ ವಿಧಾನವನ್ನು ಅವರು ಲ್ಯಾಬಿನಲ್ಲಿ ಪ್ರೋಗ್ರಾಂ ಆಗಿ ಬರೆಯಬೇಕು. ಅದು ದೇವಸ್ಥಾನದ ಹುಂಡಿಯ ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ. ಯಾರು ಬೇಕಾದರೂ ಒಳಗೆ ಹಾಕಬಹುದು, ತೆಗೆಯುವ ಕೀಲಿ ಒಬ್ಬರ ಹತ್ತಿರವೇ. ಈಗ ನಾವು ಬ್ಯಾಂಕಿನ ವ್ಯವಹಾರವನ್ನು ಮೊಬೈಲಿನಲ್ಲೇ ಮಾಡುವುದು ಇಂಥ ಬೀಗಗಳ ನಂಬಿಕೆಯ ಮೇಲೆ. ಜಗತ್ತು ನಡುವಿನವರ ಒಳ್ಳೆಯತನವನ್ನು ನೆಚ್ಚಿ ಕೂರದೆ ಬೀಗ ಮಾಡಿಕೊಂಡಿತು. ನನ್ನ ತಾಯಿಯ ಹತ್ತಿರ ಆ ಬೀಗವಿರಲಿಲ್ಲ. ಅವಳಿಗೆ ಗೊತ್ತಿದ್ದ ಬೀಗ ಮೌನ ಒಂದೇ.

ಹಾಗೆಂದು ನನ್ನೊಳಗಿನ ಟೀಚರು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಆ ಪತ್ರದಲ್ಲಿ ನಿಜಕ್ಕೂ ಕೆಡುಕಿದ್ದಿದ್ದರೆ? ಇವತ್ತು ಮೊಬೈಲಿನಲ್ಲಿ ಮಕ್ಕಳನ್ನು ಮರುಳು ಮಾಡುವವರು, ಫೋಟೋ ಇಟ್ಟುಕೊಂಡು ಹೆದರಿಸುವವರು ಇಲ್ಲವೇ? ತಾಯಿಯಾದವಳು ಕಣ್ಣು ಮುಚ್ಚಿ ಕೂರಬೇಕೇ? ಮಗಳನ್ನೇ ಕೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ನೆಟ್‌ವರ್ಕಿನಲ್ಲೂ ಕಾವಲಿನ ಗೋಡೆ ಇರುತ್ತದಂತೆ, ಕೆಲವು ಕಡೆ ಲಕೋಟೆ ಬಿಚ್ಚಿ ನೋಡುವುದೂ ಉಂಟಂತೆ. ಆದರೆ ಹೀಗೆ ನೋಡುತ್ತೇವೆಂದು ಬಳಸುವವರಿಗೆ ಮೊದಲೇ ಹೇಳಿರಬೇಕು ಎಂದಳು. ಆಮೇಲೆ ಇನ್ನೊಂದು ತತ್ವ ಹೇಳಿದಳು. 1984ರಲ್ಲಿ ಅಮೆರಿಕದ ಎಂ.ಐ.ಟಿ.ಯ ಸಾಲ್ಟ್ಜರ್, ರೀಡ್, ಕ್ಲಾರ್ಕ್ ಎಂಬ ಮೂವರು ಪ್ರಕಟಿಸಿದ್ದು. ಸಂದೇಶ ಪೂರ್ತಿಯಾಗಿ, ಸರಿಯಾಗಿ ಮುಟ್ಟಿತೇ ಎಂಬುದನ್ನು ಕೊನೆಗೆ ನೋಡಿಕೊಳ್ಳಬಲ್ಲವರು ಎರಡು ತುದಿಯವರೇ. ತುದಿಯವರು ಮಾಡಬೇಕಾದ್ದನ್ನು ನಡುವಿನವರು ಮಾಡಹೋದರೆ ಕೆಲಸ ಪೂರ್ತಿಯಾಗುವುದಿಲ್ಲ.

ಅವರು ಯಂತ್ರಗಳ ಬಗ್ಗೆ ಹೇಳಿದ ಮಾತು ಅದು. ನಾನು ಅದನ್ನು ಮನೆಗೆ ತಂದುಕೊಂಡೆ. ತಾಯಿ, ಟೀಚರು, ಗಂಡ, ಅತ್ತೆ, ಮಾವ, ನಾವೆಲ್ಲ ಇನ್ನೊಬ್ಬರ ಬದುಕಿಗೆ ತುದಿಯೋ, ನಡುವೋ? ಪ್ರೀತಿ ಇದ್ದ ಮಾತ್ರಕ್ಕೆ ನಾವು ತುದಿಯವರೆಂದು ತಿಳಿಯುತ್ತೇವೆ. ಆ ಪತ್ರದ ಒಂದು ತುದಿ ಆ ಹುಡುಗ, ಇನ್ನೊಂದು ತುದಿ ಆ ಹುಡುಗಿ. ನಾನು ನಡುವಿನವಳು. ನನಗೆ ಭಯವಿದ್ದರೆ ಪತ್ರವನ್ನು ಒಡೆಯದೆ ಅವಳ ಕೈಗೆ ಕೊಟ್ಟು, "ಇದರಿಂದ ಏನಾದರೂ ತೊಂದರೆ ಇದ್ದರೆ ನನಗೆ ಹೇಳು, ನಾನಿದ್ದೇನೆ" ಎನ್ನಬಹುದಿತ್ತು. ಆಗ ಕಾವಲು ಕಾದಂತೆಯೂ ಆಗುತ್ತಿತ್ತು, ಅವಳು ಶಾಲೆಯಲ್ಲಿಯೂ ಉಳಿಯುತ್ತಿದ್ದಳೋ ಏನೋ. ಒಂದು ಮಾತು ಕೇಳುವುದಕ್ಕಿಂತ ಪತ್ರ ಒಡೆಯುವುದು ನನಗೆ ಸುಲಭವಾಗಿ ಕಂಡಿತ್ತು.

ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಸರ್ಕಾರದ ಮುಂದೆ ನಿಂತು ಹಕ್ಕು ಕೇಳಲು ಅಷ್ಟು ದೊಡ್ಡವರು ಬೇಕಾಯಿತು. ನಮ್ಮ ಅಡುಗೆಮನೆಯಲ್ಲಿ ಚಾರ್ಜಿಗಿಟ್ಟ ಹೆಂಡತಿಯ ಮೊಬೈಲನ್ನು ಗಂಡ ಎತ್ತಿ ನೋಡುವಾಗ, ಮಗಳದನ್ನು ನಾವು ಎತ್ತಿ ನೋಡುವಾಗ, ಅಲ್ಲಿ ಯಾವ ನ್ಯಾಯಮೂರ್ತಿಯೂ ಇರುವುದಿಲ್ಲ. ನಮ್ಮ ಕೈಯನ್ನು ನಾವೇ ತಡೆಯಬೇಕು.

ಮಗಳು ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಹಬ್ಬಕ್ಕೆ ಬಂದಾಗ ಅವಳ ಮೊಬೈಲು ಕಟ್ಟೆಯ ಮೇಲೆ ಗುಂಯ್ ಎಂದರೆ ನನ್ನ ಕಣ್ಣು ಈಗಲೂ ಅತ್ತ ಓಡುತ್ತದೆ. "ಯಾರೋ ಕರೀತಿದಾರೆ ನೋಡೇ" ಎಂದು ಕೂಗುತ್ತೇನೆ. ಯಾರೆಂದು ಅವಳು ಕೆಲವು ಸಲ ಹೇಳುತ್ತಾಳೆ, ಕೆಲವು ಸಲ ಹೇಳುವುದಿಲ್ಲ.

ಹೋದ ವರ್ಷ ಹೊಸಪೇಟೆಯ ಸಂತೆಯಲ್ಲಿ ಆ ಹಳೆಯ ಹುಡುಗಿ ಸಿಕ್ಕಳು. ನಲವತ್ತು ದಾಟಿದ ಹೆಂಗಸು ಈಗ. "ಟೀಚರ್" ಎಂದು ಕಾಲಿಗೆ ಬಿದ್ದಳು. ಮಗ ಐ.ಟಿ.ಐ. ಮಾಡುತ್ತಿದ್ದಾನೆಂದಳು. ಅಂದು ಪತ್ರ ಒಡೆದವಳು ನಾನೆಂದು ಅವಳಿಗೆ ಗೊತ್ತೋ ಇಲ್ಲವೋ, ಮುಖ ನೋಡಿದರೆ ತಿಳಿಯಲಿಲ್ಲ. ಸುತ್ತ ಜನ, ಪಕ್ಕದಲ್ಲಿ ಅವಳ ಅತ್ತೆ. ಮಾತು ಗಂಟಲಲ್ಲೇ ಉಳಿಯಿತು. ಮನೆಗೆ ಬಂದು, ನಡೆದದ್ದನ್ನೆಲ್ಲ ಬರೆದು ಕ್ಷಮೆ ಕೇಳೋಣವೆಂದು ಕಾಗದ ತೆಗೆದುಕೊಂಡು ಕೂತೆ. ಅವಳ ಹೆಸರು, ವಿಳಾಸ ಬರೆದು ಅಲ್ಲಿಗೇ ನಿಲ್ಲಿಸಿದೆ. ಅವಳ ಮನೆಯಲ್ಲಿ ಅದನ್ನು ಮೊದಲು ಒಡೆಯುವವರು ಯಾರೋ ನನಗೆ ಗೊತ್ತಿಲ್ಲ. ಆದ್ದರಿಂದ ನಾನೇ ಹೋಗಬೇಕು. ಇನ್ನೂ ಹೋಗಿಲ್ಲ.