ಒಣಮರದ ಅಣಬೆ ಮತ್ತು ವ್ರತಿಯ ವಿವೇಕ

ಅನಂತಕಾಯವೆಂದು ಅಣಬೆಯನ್ನು ತ್ಯಜಿಸಿದ ಶ್ರಾವಕನಿಗೆ ಅದರ ಗುರುತಿನಿಂದ ಪ್ರಯೋಜನವೇನೆಂದು ಕೇಳುವವರುಂಟು. ಆಹಾರದ ಮಟ್ಟಿಗೆ ಈ ಮಾತು ಸರಿ. ಆದರೆ ವ್ರತಿಯು ಊಟದೆಲೆಯನ್ನು ನೋಡಿಕೊಳ್ಳುವಷ್ಟೇ ಎಚ್ಚರದಿಂದ ಒಲೆಗಿಡುವ ಸೌದೆಯನ್ನೂ ನೋಡಿಕೊಳ್ಳಬೇಕಾಗಿದೆ.

ಮಳೆಗಾಲದಲ್ಲಿ ಸತ್ತ ಮಾವಿನ ಕೊಂಬೆಯ ಮೇಲೆ ಬೀಸಣಿಗೆಯಾಕಾರದ, 1ರಿಂದ 4 ಸೆಂಟಿಮೀಟರ್ ಅಗಲದ ಬೂದುಬಿಳುಪಿನ ಅಣಬೆಗಳು ಸಾಲಾಗಿ ಏಳುತ್ತವೆ. ಮೇಲ್ಮೈಯಲ್ಲಿ ನವಿರಾದ ರೋಮ, ಕಾಂಡವಿದ್ದರೂ ಹೆಸರಿಗಷ್ಟೇ. ಅಡಿಯ ಪದರಗಳು ಒಂದೊಂದೂ ಉದ್ದಕ್ಕೆ ಎರಡಾಗಿ ಸೀಳಿರುವುದೇ ಇದರ ಖಚಿತ ಲಕ್ಷಣ. 1815ರಲ್ಲಿ ಸ್ವೀಡನ್ನಿನ ಫ್ರೀಸ್ ಇದಕ್ಕಿತ್ತ ಹೆಸರು ಸ್ಕೈಜೋಫಿಲ್ಲಮ್ ಕಮ್ಯೂನ್. ಮಣಿಪುರದಲ್ಲಿ ಇದನ್ನು ಕಾಂಗ್ಲಾಯೆನ್ ಎಂದು ಕರೆದು ಉಣ್ಣುತ್ತಾರೆ. ಇಂದಿನ ವಿಜ್ಞಾನವು ಅಣಬೆಗಳನ್ನು ಸಸ್ಯವರ್ಗದಿಂದ ಬೇರ್ಪಡಿಸಿದೆ. ಅದರಿಂದ ಅವುಗಳ ಜೀವತ್ವಕ್ಕೇನೂ ಊನವಾಗಿಲ್ಲ.

ಅಣಬೆಯನ್ನು ಗುರುತಿಸುವ ವಾಡಿಕೆಯ ಕ್ರಮವೆಂದರೆ ಕಿತ್ತು, ಕೊಯ್ದು, ರಾತ್ರಿಯೆಲ್ಲ ಕಾಗದದ ಮೇಲೆ ಕವುಚಿಟ್ಟು ಬೀಜಕಣಗಳ ಬಣ್ಣ ನೋಡುವುದು. ಜೀವರಕ್ಷಣೆಗೆಂದೇ ಅರಿಯಹೊರಟವನು ಅರಿವಿಗಾಗಿ ಜೀವವನ್ನು ಕೀಳಬಹುದೇ? ಕೂಡದೆಂದು ನನ್ನ ಮತ. ನಿಷ್ಪ್ರಯೋಜನವಾಗಿ ವನಸ್ಪತಿಯನ್ನು ಛೇದಿಸುವುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯೆಂಬ ಅನರ್ಥದಂಡದೊಳಗೆ ಎಣಿಸಿದ್ದಾರೆ. ತಿನ್ನುವವನಿಗೆ ವಿಷವೋ ಅಲ್ಲವೋ ಎಂಬ ನಿಶ್ಚಯ ಬೇಕು. ಬಿಟ್ಟವನಿಗೆ ಜೀವವಿರಬಹುದೆಂಬ ಸಂದೇಹವೇ ಸಾಕು. ಈ ಅಣಬೆಯನ್ನಂತೂ ತಲೆಬಾಗಿಸಿ ಅಡಿಯಿಂದ ನೋಡಿದರೆ ಗುರುತು ಸಿಕ್ಕಿಬಿಡುತ್ತದೆ.

ಕಠಿಣವಾದುದು ಬೇಸಿಗೆಯ ಪ್ರಶ್ನೆ. ಒಣಗಿದ್ದೆಲ್ಲ ಅಚಿತ್ತವೆಂಬ ರೂಢಿಯಿಂದ ನಾವು ಸೌದೆಯನ್ನು ನಿಶ್ಚಿಂತೆಯಾಗಿ ಉರಿಸುತ್ತೇವೆ. ಈ ಅಣಬೆಯೋ ಬಿಸಿಲಿಗೆ ಅಂಚುಗಳನ್ನು ಒಳಕ್ಕೆ ಸುರುಳಿಸಿಕೊಂಡು ಚರ್ಮದ ಚೂರಿನಂತಾಗುತ್ತದೆ. ಮಳೆ ತಾಕಿದೊಡನೆ ಅರಳಿ ಬೀಜಕಣಗಳನ್ನು ಉದುರಿಸತೊಡಗುತ್ತದೆ. ಕೆನಡಾದಲ್ಲಿ ದುಡಿದ ಬುಲ್ಲರ್ ಎಂಬ ವಿಜ್ಞಾನಿ 20ನೆಯ ಶತಮಾನದ ಆರಂಭದಲ್ಲಿ ಒಣಗಿಸಿ, ಗಾಳಿ ತೆಗೆದ ನಳಿಕೆಯಲ್ಲಿ ಮುಚ್ಚಿಟ್ಟಿದ್ದ ಇಂಥ ಅಣಬೆಗಳು ಸುಮಾರು 50 ವರ್ಷಗಳ ತರುವಾಯ ನೀರು ಸೋಕಿದಾಗ ಮತ್ತೆ ಅರಳಿದವು. ಅಷ್ಟು ಕಾಲ ಅವು ಸಚಿತ್ತವೋ, ಅಚಿತ್ತವೋ? ಮೊಳೆಯುವ ಶಕ್ತಿಯಿರುವ ತನಕ ಒಣಧಾನ್ಯವನ್ನು ಯೋನಿಭೂತವೆಂದು ಎಣಿಸುವ ನ್ಯಾಯವನ್ನೇ ಇಲ್ಲಿಗೂ ಅನ್ವಯಿಸಬೇಕೆಂದು ತೋರುತ್ತದೆ.

ಗೃಹಸ್ಥನಿಗೆ ಆರಂಭೀ ಹಿಂಸೆ ಪೂರ್ಣವಾಗಿ ತಪ್ಪದು, ನಿಜ. ಆದರೂ ಸೌದೆ ಒಟ್ಟುವಾಗ ಅಣಬೆ ಹಿಡಿದ ತುಂಡನ್ನು ತಿರುಗಿಸಿ ನೋಡಿ, ಹಿತ್ತಿಲ ನೆರಳಿನಲ್ಲಿ ಬೇರೆಯಿಡಲು ಎಷ್ಟು ಹೊತ್ತು ಬೇಕು? ಚಾತುರ್ಮಾಸಕ್ಕೆ ಮುಂಚೆಯೇ ಈ ಕೆಲಸವಾಗಬೇಕು. ಮಳೆ ಹಿಡಿದ ಮೇಲೆ ಕೊಟ್ಟಿಗೆಯ ಸೌದೆಗೆಲ್ಲ ಬೂಷ್ಟು ಹಬ್ಬಿರುತ್ತದೆ.